ಪಂಪ್‌ಮನೆಯ ಬೀಗದ ಕೈ

ನಮ್ಮ ಹಳ್ಳಿ ಲೆಹ್ತೊವಾರದಲ್ಲಿ ಯಾರ ಮನೆಯ ನಲ್ಲಿ ನಿಂತರೂ ಫೋನು ಹೋಗುವುದು ತೈಮಿಗೆ. ನೀರು ಕಂದುಬಣ್ಣಕ್ಕೆ ತಿರುಗಿದರೂ ಅವಳಿಗೇ, ಹಬೆಸ್ನಾನಕ್ಕೆ ಸೌನಾದಲ್ಲಿ ಕೂತಾಗ ಸಣ್ಣಗೆ ಬಂದರೂ ಅವಳಿಗೇ. ಬೇರೆ ಯಾವುದಕ್ಕೂ ಅವಳಿಗೆ ಯಾರೂ ಫೋನು ಮಾಡುವುದಿಲ್ಲ. ಇದನ್ನು ಅವಳೇ ಒಮ್ಮೆ ನನ್ನ ಹತ್ತಿರ ಹೇಳಿದ್ದಳು. ದೂರುವ ದನಿಯಲ್ಲಲ್ಲ, ನಾಳೆ ಹಿಮ ಬೀಳುತ್ತದೆ ಎನ್ನುವ ಹಾಗೆ. ನಮ್ಮ ಈ ಕೈನು ಸೀಮೆಯ ಜನ ಮಾತಿನಲ್ಲಿ ಬಲು ಜಿಪುಣರು. ಪಕ್ಕದ ಮನೆಗೆ ಕಾಲಿಡಬೇಕಾದರೂ ಒಂದು ನೆಪ ಬೇಕು. ತೈಮಿಯ ಪಾಲಿಗೆ ನೀರೇ ಆ ನೆಪ.

ತೈಮಿ ನನ್ನಣ್ಣ ಆರ್ವೋನ ಹೆಂಡತಿ. ಊರವರೆಲ್ಲ ಸೇರಿ ನೀರಿನ ಸಹಕಾರ ಸಂಘ ಕಟ್ಟಿದಾಗ ಬಾವಿ ತೋಡಿಸಿ, ಕಾಡಿನುದ್ದಕ್ಕೂ ಪೈಪು ಹಾಕಿಸಿದವನು ಆರ್ವೋ. ಅವನು ತೀರಿಕೊಂಡ ಮೇಲೆ ಪಂಪ್‌ಮನೆಯ ಬೀಗದ ಕೈ ಅವಳ ಕೊರಳಿಗೆ ಬಂತು. ಉಣ್ಣೆಯ ದಾರದಲ್ಲಿ ಕಟ್ಟಿ ಅಂಗಿಯೊಳಗೆ ಹಾಕಿಕೊಂಡಿರುತ್ತಾಳೆ. ಗಿಡ್ಡ ಹೆಂಗಸು, ಅಗಲ ಭುಜ, ಪಂಪುಗಳ ಜೊತೆ ಮಾತಾಡುತ್ತಾಳೆ, ಮನುಷ್ಯರ ಜೊತೆ ಕಮ್ಮಿ. ನಾನು ಹೆಲ್ವಿ. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳ ಮೇಲೆ ಕೂಗಾಡಿ ಕೂಗಾಡಿ ನನ್ನ ಬಾಯಿ ದೊಡ್ಡದು. ಅವಳ ಪಾಲಿನದನ್ನೂ ನಾನೇ ಆಡುತ್ತೇನೆ ಅಂತ ಊರಲ್ಲಿ ಹೇಳುತ್ತಾರೆ. ಹೇಳಿಕೊಳ್ಳಲಿ ಬಿಡಿ.

ಆ ಜನವರಿಯಲ್ಲಿ ಪಂಪ್‌ಮನೆಯ ಹಳೆಯ ಕಂಪ್ಯೂಟರು ಸತ್ತಿತು. ಅದು ಮಾಡುತ್ತಿದ್ದದ್ದು ಒಂದೇ ಕೆಲಸ: ಒಳಗಿನ ಬಿಸಿ ಎಷ್ಟಿದೆ, ತೊಟ್ಟಿಯಲ್ಲಿ ನೀರೆಷ್ಟಿದೆ ಎಂದು ನೋಡುತ್ತಿದ್ದು, ಹೆಚ್ಚುಕಮ್ಮಿಯಾದರೆ ತೈಮಿಯ ಫೋನಿಗೆ ಬಾರಿಸುವುದು. ಅದೇ ವಾರ ಮೈನಸ್ ಮೂವತ್ತು ಡಿಗ್ರಿ ದಾಟುವ ಚಳಿ ಬರುತ್ತದೆಂದು ರೇಡಿಯೋ ಹೇಳಿತು. ಅಂಥ ರಾತ್ರಿಯಲ್ಲಿ ಹೀಟರು ಕೆಟ್ಟು, ಅದು ಯಾರಿಗೂ ಗೊತ್ತಾಗದೆ ಹೋದರೆ ಬೆಳಗಾಗುವಷ್ಟರಲ್ಲಿ ನೀರು ಹೆಪ್ಪುಗಟ್ಟಿ ಪೈಪು ಒಡೆದು ಊರಿಗೆ ಊರೇ ಒಣಗಿ ಕೂರಬೇಕು.

ಸಂಘದ ಅಧ್ಯಕ್ಷ ಓಸ್ಮೋ ಇದಕ್ಕೇ ಕಾದಿದ್ದ. ಈ ಕೆಲಸವನ್ನು ಪೇಟೆಯ ಕಂಪನಿಗೆ ವಹಿಸಬೇಕೆಂದು ಅವನು ಹೇಳುತ್ತ ಬಂದು ಎಷ್ಟು ಕಾಲವಾಯಿತೋ. ಕೆಟ್ಟವನಲ್ಲ, ಪುಕ್ಕಲ. ಏನಾದರೂ ಆದರೆ ತನ್ನ ತಲೆಗೆ ಬರುತ್ತದೆ ಅನ್ನುವ ಭಯ ಅವನಿಗೆ.

"ಇವತ್ತು ಕತ್ತಲಾಗೋದ್ರೊಳಗೆ ಹೊಸ ಕಂಪ್ಯೂಟರ್ ಓಡಬೇಕು ತೈಮಿ," ಅಂದ. "ಇಲ್ಲಾಂದ್ರೆ ಬೀಗದ ಕೈ ನನ್ನ ಕೈಗೆ ಕೊಡು. ಕಂಪನಿಯವರನ್ನ ಕರೆಸಿಬಿಡ್ತೀನಿ. ಆಮೇಲೆ ಅವರದೇ ಕೆಲಸ, ಯಾವಾಗ್ಲೂ."

"ಸರಿ," ಅಂದಳು ತೈಮಿ. ಅಷ್ಟೇ. ನನ್ನ ಮೈಯೆಲ್ಲ ಉರಿದುಹೋಯಿತು.

ತೈಮಿ ಅಗ್ಗಕ್ಕೆ ತರಿಸಿದ್ದ ಹೊಸದು ಬರೀ ಖಾಲಿ ಪೆಟ್ಟಿಗೆ. ಒಳಗೆ ಆಪರೇಟಿಂಗ್ ಸಿಸ್ಟಂ ಇರಲಿಲ್ಲ, ಹಾಕಿಕೊಳ್ಳಬೇಕಿತ್ತು. ಪುಕ್ಕಟೆ ಸಿಗುವಂಥದ್ದೊಂದನ್ನು ತೈಮಿ ಗ್ರಂಥಾಲಯಕ್ಕೆ ಹೋಗಿ ಪೆನ್‌ಡ್ರೈವಿಗೆ ತುಂಬಿಸಿಕೊಂಡು ಬಂದಿದ್ದಳು. ಹಳೆಯದಕ್ಕೂ ಅವಳೇ ಹಾಕಿದ್ದು.

ಪಂಪ್‌ಮನೆ ನಮ್ಮ ಸೌನಾಗಿಂತ ಚಿಕ್ಕದು. ಗೋಡೆಯಲ್ಲಿ ಎರಡೇ ಸಾಕೆಟ್ಟು. ಒಂದರಲ್ಲಿ ಕಂಪ್ಯೂಟರು, ಇನ್ನೊಂದರಲ್ಲಿ ಹೀಟರು. ಹೀಟರಿನ ಸಾಕೆಟ್ಟಿನ ಮೇಲೆ ಒಂದು ಪುಟ್ಟ ಡಬ್ಬಿ ಇದೆ, ಹೀಟರಿನ ಎಕ್ಸ್‌ಟೆನ್ಶನ್ ಬೋರ್ಡು ಅದಕ್ಕೇ ಸಿಕ್ಕಿಸಿದ್ದು. ಪಂಪ್‌ಮನೆ ತಣ್ಣಗಾದರೆ ಡಬ್ಬಿ ಟಕ್ ಎಂದು ಕರೆಂಟು ಬಿಡುತ್ತದೆ, ಬೆಚ್ಚಗಾದರೆ ಟಕ್ ಎಂದು ನಿಲ್ಲಿಸುತ್ತದೆ. ಆರ್ವೋ ಕೂರಿಸಿದ್ದು.

ಓಸ್ಮೋ ಬರುತ್ತಾನೆಂದು ತೈಮಿ ಮನೆಯಿಂದ ಕಾಫಿ ಯಂತ್ರ ಹೊತ್ತು ತಂದಿದ್ದಳು, ಏಲಕ್ಕಿ ಬನ್ನು ಬೇರೆ. ತನ್ನ ಕೆಲಸ ಕಿತ್ತುಕೊಳ್ಳಲು ಬರುವವನಿಗೂ ಕಾಫಿ ಕೊಡದೆ ಕಳಿಸುವುದು ನಮ್ಮಲ್ಲಿ ಆಗದ ಮಾತು. ಯಂತ್ರವನ್ನು ಕಂಪ್ಯೂಟರಿನ ಸಾಕೆಟ್ಟಿಗೆ ಹಾಕಿ, ಕಂಪ್ಯೂಟರಿನ ವಯರನ್ನು ಹೀಟರಿನ ಕಡೆಯ ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಿ, ಪೆನ್‌ಡ್ರೈವ್ ಹಾಕಿ ಗುಂಡಿ ಒತ್ತಿದಳು. ಪರದೆ ಬೆಳಗಿತು. ಭಾಷೆ ಕೇಳಿತು, ಊರು ಕೇಳಿತು, ಆಮೇಲೆ ಒಂದು ನೀಲಿ ಗೆರೆ ಎಡದಿಂದ ಬಲಕ್ಕೆ ತೆವಳಲು ಶುರುವಾಯಿತು.

ನಾವು ಬಾಗಿಲು ಹಾಕಿಕೊಂಡು ಮೂವರೂ ಒತ್ತಾಗಿ ಕೂತು ಕಾಫಿ ಕುಡಿದೆವು. ಗೆರೆ ಅರ್ಧ ದಾಟಿತ್ತು. ಇದ್ದಕ್ಕಿದ್ದಂತೆ ಪರದೆ ಕಪ್ಪಾಯಿತು.

ತೈಮಿ ಗುಂಡಿ ಒತ್ತಿದಳು. ಇಲ್ಲ. ಮತ್ತೆ ಒತ್ತಿದಳು. ಹೆಣದ ಹಾಗೆ ಬಿದ್ದಿತ್ತು.

"ನಾನು ಹೇಳಿರಲಿಲ್ವಾ?" ಅಂದ ಓಸ್ಮೋ, ಇನ್ನೊಂದು ಬನ್ನಿಗೆ ಕೈ ಚಾಚುತ್ತ. "ಅಗ್ಗದ ಮಾಲು."

"ನೀನು ತಿನ್ನೋದು ತಿನ್ನು, ಬಾಯಿ ಮುಚ್ಕೊಂಡಿರು," ಅಂದೆ.

ತೈಮಿ ಹೊರಗೆ ಹೋಗಿ ಕಾರಿನಿಂದ ಸ್ಕ್ರೂಡ್ರೈವರ್ ತಂದಳು. ಪಂಪ್‌ಮನೆಯ ಬಾಗಿಲು ತೆರೆದಿಟ್ಟೇ ಹುಡುಕಿದ್ದಕ್ಕೆ ನಾನು ಗೊಣಗಿದೆ, ಚಳಿಗೆ ಮಂಡಿ ಸೆಟೆದುಹೋಗಿತ್ತು. ಅವಳು ಬಂದು ಗುಂಡಿ ಒತ್ತಿದರೆ ಕಂಪ್ಯೂಟರು ಏನೂ ಆಗದವರ ಹಾಗೆ ಎದ್ದು ಕೂತಿತು! ಪರದೆಯ ಮೇಲೆ ಒಂದು ಸಾಲು ಮಾತ್ರ: ಶುರುಮಾಡಲು ಡಿಸ್ಕಿನಲ್ಲಿ ಏನೂ ಸಿಗಲಿಲ್ಲ.

"ಡಿಸ್ಕ್ ಕೆಟ್ಟಿದೆ," ಅಂದ ಓಸ್ಮೋ.

"ಅರ್ಧ ಬರೆದು ನಿಂತಿದೆಯಲ್ಲ, ಅದಕ್ಕೆ," ಅಂದಳು ತೈಮಿ. ಆದರೆ ಅವಳ ದನಿಯಲ್ಲಿ ನಂಬಿಕೆ ಇರಲಿಲ್ಲ. ಪೆನ್‌ಡ್ರೈವನ್ನು ಬೇರೆ ತೂತಿಗೆ ಹಾಕಿ ಮೊದಲಿಂದ ಶುರುಮಾಡಿದಳು. ನಾನು ಕೈ ಸುಮ್ಮನಿರಲಾರದೆ ಇನ್ನೊಂದು ಸಲ ಕಾಫಿಗೆ ಹಾಕಿದೆ. ಗೆರೆ ತೆವಳುವುದನ್ನು ನೋಡುತ್ತ ಕೂತೆವು. ಈ ಸಲ ಅರ್ಧಕ್ಕೂ ಬರಲಿಲ್ಲ. ಕಪ್ಪು.

ಮೆಮೊರಿ ಪಟ್ಟಿಯನ್ನು ಬಿಚ್ಚಿ, ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಒತ್ತಿ ಕೂರಿಸಿದಳು. ಡಿಸ್ಕಿನ ವಯರನ್ನು ಕಿತ್ತು ಸಿಕ್ಕಿಸಿದಳು. ಒಂದು ಸ್ಕ್ರೂ ಕೈಜಾರಿ ಪಂಪಿನ ಕೆಳಗೆ ಉರುಳಿತು. ಅದನ್ನು ಹುಡುಕಲು ಬೆಳಕು ಸಾಲದೆ ಓಸ್ಮೋ ಬಾಗಿಲು ತೆರೆದು ಹಿಡಿದ. ಕಂಪ್ಯೂಟರು ಮತ್ತೆ ಎದ್ದಿತು. ಬಾಗಿಲು ಹಾಕಿ ಕೂತೆವು. ಮತ್ತೆ ಸತ್ತಿತು.

ಹೊರಗೆ ಆಗಲೇ ನೀಲಿಗತ್ತಲು ಇಳಿಯುತ್ತಿತ್ತು. ತೈಮಿ ಹಣೆಯ ಬೆವರು ಒರೆಸಿಕೊಂಡಳು. ಅವಳ ಮುಖ ಬಿಳಿಚಿಕೊಂಡಿತ್ತು.

"ಸಾಕು ಬಿಡು ತೈಮಿ," ಅಂದ ಓಸ್ಮೋ. ಈ ಸಲ ಮೆತ್ತಗೇ ಅಂದ. "ನಿನ್ನ ತಪ್ಪಲ್ಲ. ಇಷ್ಟು ವರ್ಷ ಮಾಡಿದೀಯ. ಇನ್ನು ಆರಾಮಾಗಿರು, ಉಣ್ಣೆ ಕಾಲ್ಚೀಲ ಹೆಣಿ."

"ಯಾರಿಗೆ ಹೆಣೀಲಿ?" ಅಂದಳು ಅವಳು.

ಓಸ್ಮೋ ಕೈ ಚಾಚಿದ. ತೈಮಿ ಟೋಪಿ ತೆಗೆದು, ಉಣ್ಣೆಯ ದಾರವನ್ನು ತಲೆಯ ಮೇಲಿಂದ ಎತ್ತಿ, ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟಳು. ಆರ್ವೋನನ್ನು ಮಣ್ಣುಮಾಡಿದ ದಿನವೂ ಅವಳು ಇಷ್ಟು ಬಡವಾಗಿ ಕಂಡಿರಲಿಲ್ಲ.

ಓಸ್ಮೋ ಕಂಪನಿಗೆ ಫೋನು ಮಾಡಲು ಕಾರಿನ ಕಡೆ ನಡೆದ. ನಾನು ಬಾಗಿಲನ್ನು ಪೂರ್ತಿ ತೆರೆದು ಹೊಸ್ತಿಲ ಮೇಲೆ ನಿಂತು, ಬಾಯಿಗೆ ಬಂದದ್ದೆಲ್ಲ ಬೈದೆ. "ಥೂ ನಿನ್ನ! ಆರ್ವೋ ಇದ್ದಿದ್ರೆ ನಿನಗೆ ಈ ಬಾಗಿಲ ಹತ್ರ ಬರೋ ಧೈರ್ಯ ಇತ್ತೇನೋ? ತಿಂದ ಬನ್ನಾದರೂ ವಾಪಸ್ ಕೊಟ್ಟು ಹೋಗು!" ಬೈದು ಮುಗಿಸಲು ಸಾಕಷ್ಟು ಹೊತ್ತು ಬೇಕಾಯಿತು. ಚಳಿ ನನ್ನ ಪಕ್ಕದಿಂದ ಹೊಗೆಯ ಹಾಗೆ ಒಳಗೆ ನುಗ್ಗುತ್ತಿತ್ತು.

ನನ್ನ ಬೆನ್ನ ಹಿಂದೆ ಟಕ್ ಎಂದಿತು. ಹೀಟರಿನ ಸರಳು ಕೆಂಪಗಾಯಿತು. ಕಂಪ್ಯೂಟರಿನ ಫ್ಯಾನೂ ಗುರ್ ಎಂದಿತು. ಗುಂಡಿಯನ್ನು ಯಾರೂ ಮುಟ್ಟಿರಲಿಲ್ಲ. ಆಗಿಂದ ಒತ್ತಿ ಒತ್ತಿ ಸಾಕಾಗಿ, ಕರೆಂಟು ಬಂದ ಕೂಡಲೇ ತಾನಾಗಿ ಏಳು ಎಂದು ಅದಕ್ಕೆ ತೈಮಿಯೇ ಹೇಳಿಟ್ಟಿದ್ದಳು.

ನಾನು ಬೈಯುವುದನ್ನು ನಿಲ್ಲಿಸಿದೆ. ತೈಮಿ ಆ ಪುಟ್ಟ ಡಬ್ಬಿಯನ್ನೇ ನೋಡುತ್ತಿದ್ದಳು.

"ಹೆಲ್ವಿ, ಬಾಗಿಲು ಹಾಕು."

ಹಾಕಿದೆ. ಕಾಯುತ್ತ ನಿಂತೆವು, ಉಸಿರು ಬಿಟ್ಟರೂ ಏನೋ ಕೆಡುತ್ತದೆ ಅನ್ನುವ ಹಾಗೆ. ಕಾಫಿ ಯಂತ್ರ ಗೊರಗುಟ್ಟುತ್ತಿತ್ತು. ಒಳಗೆ ಬೆಚ್ಚಗಾಗುತ್ತ ಬಂತು. ಟಕ್. ಹೀಟರು ಆರಿತು, ಪರದೆ ಕಪ್ಪಾಯಿತು.

"ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಅಂದಳು ತೈಮಿ. "ನಾವು ಬೆಚ್ಚಗಾದಾಗಲೆಲ್ಲ ಇದು ಸಾಯ್ತಿದೆ. ಕಾಫಿಗೆ ಜಾಗ ಮಾಡೋಕೆ ಹೋಗಿ ಇದನ್ನ ಆರ್ವೋನ ಡಬ್ಬಿಗೆ ಗಂಟು ಹಾಕಿದೀನಲ್ಲೇ!"

ನಾವು ಗಾಬರಿಯಾದಷ್ಟೂ ಕಾಫಿ ಕಾಸಿದ್ದೆವು, ಕಾಫಿ ಕಾಸಿದಷ್ಟೂ ಒಳಗೆ ಬಿಸಿಯೇರಿ ಕಂಪ್ಯೂಟರು ಬೇಗ ಸತ್ತಿತ್ತು. ಅವಳು ಕಾಫಿ ಯಂತ್ರದ ವಯರನ್ನು ಕಿತ್ತು, ಅದರ ಜಾಗಕ್ಕೆ ಕಂಪ್ಯೂಟರಿನದನ್ನು ಹಾಕಿದಳು.

"ಓಸ್ಮೋ ಬಂದು ಇನ್ನೊಂದು ಲೋಟ ಕೇಳಿದ್ರೆ?" ಅಂದೆ.

"ಹಿಮ ತಿನ್ನಲಿ."

ಅವಳ ಬಾಯಲ್ಲಿ ಅಂಥ ಮಾತು ನಾನು ಅದೇ ಮೊದಲು ಕೇಳಿದ್ದು. ನೀಲಿ ಗೆರೆ ಮತ್ತೆ ಹೊರಟಿತು. ಅರ್ಧಕ್ಕೆ ಬಂದಾಗ ತೈಮಿ ನನ್ನ ಕೈ ಹಿಡಿದಳು. ಹೀಟರು ಟಕ್ ಎಂದಾಗಲೆಲ್ಲ ಇಬ್ಬರೂ ಬೆಚ್ಚಿದೆವು. ಗೆರೆ ನಿಲ್ಲಲಿಲ್ಲ. ಕೊನೆ ಮುಟ್ಟಿತು, ಕಂಪ್ಯೂಟರು ಒಮ್ಮೆ ಆರಿ ತಾನಾಗಿ ಎದ್ದಿತು, ಈ ಸಲ ಪೆನ್‌ಡ್ರೈವಿನ ಹಂಗಿಲ್ಲದೆ. ಫೋನಿಗೆ ಬಾರಿಸುವ ಪ್ರೋಗ್ರಾಮನ್ನೂ ಉಳಿದದ್ದನ್ನೂ ತೈಮಿ ಸರಸರ ಹಾಕಿದಳು.

ಓಸ್ಮೋ ಬಂದಾಗ ಫೋನು ಅವನ ಕಿವಿಯಲ್ಲೇ ಇತ್ತು, ಒಳಗಿಂದ ಯಾವುದೋ ಸಂಗೀತ ಕೇಳುತ್ತಿತ್ತು. "ಆಗಿಂದ ಇದನ್ನೇ ಕೇಳಿಸ್ತಿದ್ದಾರೆ," ಅಂದ. "ಒಬ್ಬ ಮನುಷ್ಯನೂ ಮಾತಾಡ್ತಿಲ್ಲ." ಅಷ್ಟರಲ್ಲಿ ಅವನ ಕಣ್ಣು ಪರದೆಯ ಮೇಲೆ ಬಿತ್ತು. ತೈಮಿ ಒಂದು ಗುಂಡಿ ಒತ್ತಿದಳು, ಅವಳ ಜೇಬಿನಲ್ಲಿ ಫೋನು ಬಾರಿಸಿತು. ಪರೀಕ್ಷೆಯ ಕರೆ. ಅವಳು ತೆಗೆದು ನೋಡಿ ಅವನ ಕಡೆ ಹಿಡಿದಳು.

ಓಸ್ಮೋ ತನ್ನ ಫೋನಿನ ಸಂಗೀತವನ್ನು ನಿಲ್ಲಿಸಿದ. ಜೇಬಿನಿಂದ ಉಣ್ಣೆಯ ದಾರ ಎಳೆದು, "ತಗೋ," ಅಂದ. "ಇದನ್ನ ಇಟ್ಕೊಂಡು ನಂಗೆ ನಿದ್ದೆ ಬರಲ್ಲ." ಆಮೇಲೆ ಸುತ್ತ ನೋಡಿ, "ಕಾಫಿ ಇಲ್ವಾ?" ಅಂತ ಕೇಳಿದ. ನಾನು ನಕ್ಕದ್ದು ಯಾಕೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ರೇಡಿಯೋ ಹೇಳಿದ ಚಳಿ ಬಂದೇ ಬಂತು. ಮರುದಿನ ಎದ್ದವಳೇ ನಲ್ಲಿ ತಿರುಗಿಸಿದೆ. ನೀರು ಸುರಿಯಿತು. ಕಾಫಿಗಿಟ್ಟು ಕಿಟಕಿಯ ಹತ್ತಿರ ನಿಂತೆ. ಅವಳು ಬೀಗದ ಕೈ ಕೊಟ್ಟಾಗಿನ ಮುಖ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಫೋನು ಎತ್ತಿಕೊಂಡೆ.

ಒಂದೇ ರಿಂಗಿಗೆ ಎತ್ತಿದಳು. "ಏನಾಯ್ತು ಹೆಲ್ವಿ? ನೀರು ನಿಂತೋಯ್ತಾ?"

"ಇಲ್ಲ ಕಣೇ, ಚೆನ್ನಾಗಿ ಬರ್ತಿದೆ."

"ಕಂದುಬಣ್ಣಕ್ಕಿದೆಯಾ?"

"ಇಲ್ಲ."

"ಮತ್ತೆ ಯಾಕೆ ಮಾಡಿದೆ?"

"ಸುಮ್ನೆ."

ಆ ಕಡೆ ಅವಳು ಮೂಗೆಳೆದುಕೊಂಡದ್ದು ಕೇಳಿಸಿತು.

"ಸುಮ್ನೆ ಮಾಡಿದ್ರೆ," ಅಂದಳು, "ಏನು ಮಾತಾಡ್ತಾರೆ?"