ಹುಳುಮನೆಯಲ್ಲಿ ಕಟ್ಟಿದ ಹಡಗು

ನಮ್ಮ ಭಾವ ಶಿಡ್ಲಘಟ್ಟದಲ್ಲಿ ವಿಮಾನವಾಹಕ ಹಡಗು ಕಟ್ಟಲು ಹೊರಟಾಗ ನಮ್ಮ ಮನೆಯಲ್ಲಿ ಸಮುದ್ರ ನೋಡಿದವರು ಯಾರೂ ಇರಲಿಲ್ಲ. ಅದು ಅರವತ್ತರ ದಶಕದ ಆರಂಭ. ಭಾವ ಹೈಸ್ಕೂಲಿನಲ್ಲಿ ಕ್ರಾಫ್ಟ್ ಮೇಷ್ಟ್ರು. ನಾನು ಅಕ್ಕನ ಮನೆಯಲ್ಲಿದ್ದುಕೊಂಡು ಬೆಂಗಳೂರಿನ ಪತ್ರಿಕೆಯೊಂದಕ್ಕೆ ತಾಲ್ಲೂಕಿನ ಸುದ್ದಿ ಬರೆದು ಕಳಿಸುತ್ತಿದ್ದೆ. ದೇಶದ ಮೊದಲ ವಿಮಾನವಾಹಕ ಹಡಗಿನ ಚಿತ್ರ ಆಗ ಪತ್ರಿಕೆಯಲ್ಲಿ ಬಂದಿತ್ತು. ಅದನ್ನು ಕತ್ತರಿಸಿ ಭಾವನ ಕೈಗೆ ಕೊಟ್ಟವನು ನಾನೇ. ಆದ್ದರಿಂದ ಮುಂದೆ ಆದದ್ದರಲ್ಲಿ ನನ್ನ ಪಾಲೂ ಇದೆ.

ಭಾವನಿಗೆ ಹಡಗು ಬೇಕಾದದ್ದು ಹಿಂದಿನ ವರ್ಷದ ಅಣೆಕಟ್ಟಿನ ದೆಸೆಯಿಂದ. ಜನವರಿ ಕೊನೆಗೆ ಚಿಕ್ಕಬಳ್ಳಾಪುರದಲ್ಲಿ ಸುತ್ತಲಿನ ಶಾಲೆಗಳ ಮೂರು ದಿನದ ವಸ್ತುಪ್ರದರ್ಶನ ನಡೆಯುತ್ತಿತ್ತು. ಅಲ್ಲಿಗೆ ಅವರು ಜೇಡಿಮಣ್ಣಿನ ಅಣೆಕಟ್ಟು ಮಾಡಿ, ನೀರು ತುಂಬಿಸಿ ಇಟ್ಟಿದ್ದರು. ನೋಡಲು ಬಂದ ಅಧಿಕಾರಿ ಬಗ್ಗಿದ ಹೊತ್ತಿಗೆ ಸರಿಯಾಗಿ ಅಣೆಕಟ್ಟು ಬಿರಿದು ನೀರೆಲ್ಲ ಅವರ ಬೂಟಿನೊಳಗೆ ಹೋಯಿತು. ಅಂದಿನಿಂದ ಭಾವ 'ಸೋರೋ ಮೇಷ್ಟ್ರು'. ಸಂತೆಯಲ್ಲಿ ಕುಂಬಳಕಾಯಿ ಮಾರುವವಳಿಗೂ ಈ ಹೆಸರು ಗೊತ್ತಿತ್ತು. ಈ ಸಲ ಪ್ರದರ್ಶನದಲ್ಲಿ ಜನ ಅಣೆಕಟ್ಟನ್ನು ಮರೆಯುವಂಥದ್ದು ಏನಾದರೂ ಇಡಬೇಕು ಎನ್ನುವುದು ಅವರ ಹಟ.

"ಹಡಗು ಅಂದ್ಮೇಲೆ ಅದಕ್ಕೂ ನೀರು ಬೇಡ್ವೇನ್ರೀ?" ಎಂದಳು ಅಕ್ಕ.

"ಇದು ನೋಡೋಕೆ ಮಾತ್ರ ಕಣೇ. ನೀರಿನ ಸಾವಾಸವೇ ಬೇಡ."

ಚಿತ್ರದಲ್ಲಿ ಹಡಗಿನ ಮೇಲೆ ನಾವಿಕರು ಸಾಲಾಗಿ ನಿಂತಿದ್ದರು. ಭಾವ ಅಡಿಪಟ್ಟಿ ಇಟ್ಟು ಒಬ್ಬ ನಾವಿಕನನ್ನು ಅಳೆದರು, ಹಡಗನ್ನು ಅಳೆದರು. ಮನೆಯಲ್ಲಿ ಕೈಗೆ ಸಿಕ್ಕಿದ ಅಳತೆ ರೇಷ್ಮೆ ಗೂಡು. ಒಬ್ಬ ನಾವಿಕ ಒಂದು ಗೂಡಿನಷ್ಟು ಎತ್ತರ ಎಂದಿಟ್ಟುಕೊಂಡರೆ ಹಡಗು ಹನ್ನೆರಡು ಅಡಿ ಉದ್ದ, ಎರಡಡಿಗೆ ತುಸು ಹೆಚ್ಚು ಅಗಲ ಎಂದಾಯಿತು. ಚಿತ್ರ ಒಂದೇ ಮಗ್ಗುಲಿನದು. ಇನ್ನೊಂದು ಮಗ್ಗುಲನ್ನು ಗೋಡೆಗೆ ಇಡುವುದೆಂದು ಮೊದಲೇ ತೀರ್ಮಾನಿಸಿದೆವು.

ಅಷ್ಟು ದೊಡ್ಡದು ಹಿಡಿಸುವ ಕೋಣೆ ಮನೆಯಲ್ಲಿ ಒಂದೇ ಇತ್ತು: ಅಕ್ಕ ರೇಷ್ಮೆ ಹುಳು ಸಾಕುವ ಹುಳುಮನೆ. ಅಕ್ಕ ಒಪ್ಪಿದಳು, ಆದರೆ ಷರತ್ತು ಹಾಕಿದಳು. ಒಳಗೆ ಹುಳು ಇರುವಾಗ ಬಣ್ಣ, ವಾರ್ನಿಷು, ಬೀಡಿ ಹೊಗೆ ಯಾವುದೂ ಸುಳಿಯಬಾರದು. ವಾಸನೆಗೆ ಹುಳು ಸಾಯುತ್ತದೆ. ಹುಳು ಜ್ವರದಲ್ಲಿರುವಾಗ ಸುತ್ತಿಗೆ ಸದ್ದೂ ಆಗಬಾರದು. ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಇಂಥ ನಾಲ್ಕು ಜ್ವರ ಕಳೆದ ಮೇಲೆ ಅದು ಹೊಟ್ಟೆ ತುಂಬ ತಿಂದು, ಹಣ್ಣಾಗಿ, ಗೂಡು ಕಟ್ಟುತ್ತದೆ.

ಹೀಗೆ ಹಡಗಿನ ಕೆಲಸ ಹುಳುವಿನ ಜ್ವರ ನೋಡಿಕೊಂಡು ಸಾಗಿತು. ಹುಳು ಬರುವ ಮೊದಲು ಬಿದಿರಿನ ಅಸ್ಥಿಪಂಜರ. ಅದನ್ನು ಹೆಣೆಯಲು ಚಿಂತಾಮಣಿಯಿಂದ ಒಬ್ಬ ಮೇದಾರ ಬಂದ. ಹಡಗನ್ನು ರೈಲಿನಲ್ಲಿ ಸಾಗಿಸಬೇಕಾದ್ದರಿಂದ ಮೂರು ತುಂಡು ಮಾಡಿ ಜೋಡಿಸುವ ಹಾಗೆ ಹೆಣೆಯಲು ಭಾವ ಹೇಳಿದರು. ವಿಮಾನ ಇಳಿಯುವ ಮೇಲ್ಭಾಗ ಉದ್ದಕ್ಕೂ ಚಪ್ಪಟೆಯಾಗಿ, ಗಟ್ಟಿಯಾಗಿ ಇರಬೇಕು ಎಂದೂ ಹೇಳಿ ಶಾಲೆಗೆ ಹೋದರು. ಸಂಜೆ ಬಂದು ನೋಡಿದರೆ ಮೇದಾರ ಆ ಭಾಗವನ್ನು ಚಂದ್ರಂಕಿಯ ಹಾಗೆಯೇ ಹೆಣೆದಿಟ್ಟಿದ್ದ. ಹಣ್ಣಾದ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಾಪೆಯೇ ಚಂದ್ರಂಕಿ. ಅದರ ಮೈಮೇಲೆ ಬಿದಿರು ಸೀಳು ಸುತ್ತುಸುತ್ತಾಗಿ ಎದ್ದು ನಿಂತಿರುತ್ತದೆ.

"ಇದರ ಮೇಲೆ ವಿಮಾನ ಇಳಿಸೋದು ಹೆಂಗಯ್ಯಾ?" ಎಂದರು ಭಾವ.

"ಅಯ್ಯೋರೆ, ಉದ್ದ ಅಂದ್ರಿ, ಚಪ್ಪಟೆ ಅಂದ್ರಿ, ಗಟ್ಟಿ ಅಂದ್ರಿ. ಶಿಡ್ಲಘಟ್ಟದಲ್ಲಿ ಕೂತ್ಕಂಡು ಇಷ್ಟು ಹೇಳಿದ್ರೆ ನಾನು ಇನ್ನೇನು ಹೆಣೀಲಿ?"

ಬಿಚ್ಚಿಸಿದರೆ ಇಡೀ ಹಡಗು ಸಡಿಲವಾಗುತ್ತಿತ್ತು. ಮೇಲೆ ರಟ್ಟು ಹೊದಿಸಿದರಾಯಿತು ಎಂದು ಭಾವ ಬಿಟ್ಟುಬಿಟ್ಟರು.

ಹುಳು ಬಂದ ಮೇಲೆ ಹಡಗನ್ನು ತೊಲೆಗೆ ತೂಗುಹಾಕಿದೆವು. ಕೆಳಗೆ ತಟ್ಟೆಗಳಲ್ಲಿ ಹುಳು ಸೊಪ್ಪು ತಿನ್ನುತ್ತಿದ್ದರೆ ಮೇಲೆ ಹಡಗಿನ ಕೆಲಸ. ನೆನೆಸಿದ ಹಳೇ ಪತ್ರಿಕೆಗೆ ಮೆಂತ್ಯ ರುಬ್ಬಿ ಸೇರಿಸಿದರೆ ಒಳ್ಳೆಯ ಅಂಟು ಬರುತ್ತದೆ. ಹೆಂಗಸರು ಬುಟ್ಟಿಗಳಿಗೆ ಮೆತ್ತುವುದು ಅದನ್ನೇ. ಎರಡನೇ ಜ್ವರದ ಹೊತ್ತಿಗೆ ಒಂದು ಪಕ್ಕ ಮೆತ್ತಿ ಮುಗಿಯಿತು, ಮೂರನೆಯದಕ್ಕೆ ಇನ್ನೊಂದು ಪಕ್ಕ. ನಾನು ಬರೆದ ಸುದ್ದಿಗಳೂ ಅದರೊಳಗೆ ಸೇರಿ ಹೋದವು. ನಾಲ್ಕನೇ ಜ್ವರ ಕಳೆದ ಮೇಲೆ ರಟ್ಟು ಹೊದಿಸಿ, ಸುಣ್ಣದಲ್ಲಿ ನೇರವಾದ ಬಿಳಿ ಗೆರೆ ಎಳೆದರು. ಆ ಗೆರೆಗೆ ಭಾವ ಒಂದು ಭಾನುವಾರ ಪೂರ್ತಿ ಕೊಟ್ಟರು.

ಉಳಿದದ್ದು ಬೂದು ಬಣ್ಣ. ಹುಳು ಚಂದ್ರಂಕಿ ಹತ್ತಿ ಹೊರಗೆ ಚಪ್ಪರದಡಿ ಹೋದರೆ ಹುಳುಮನೆ ಖಾಲಿಯಾಗುತ್ತದೆ. ಪ್ರದರ್ಶನಕ್ಕೆ ಇನ್ನೂ ಹತ್ತು ದಿನ ಇರುತ್ತದೆ. ಬಣ್ಣ ಬಳಿದು ಒಣಗಿಸಬಹುದು. ಭಾವನ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆ ವರ್ಷ ಚಳಿ ಹೆಚ್ಚು. ಚಳಿಗೆ ಹುಳು ನಿಧಾನವಾಗಿ ತಿಂದು, ಆರು ದಿನ ತಡವಾಗಿ, ಪ್ರದರ್ಶನಕ್ಕೆ ನಾಲ್ಕು ದಿನ ಇರುವಾಗ ಒಟ್ಟಿಗೇ ಹಣ್ಣಾದವು. ಇಡೀ ಬೀದಿಯ ಹುಳುವೂ ಅವತ್ತೇ ಹಣ್ಣಾದ್ದರಿಂದ ಚಂದ್ರಂಕಿ ಎರವಲು ಕೊಡುವವರು ಯಾರೂ ಇರಲಿಲ್ಲ. ಎಲ್ಲ ತುಂಬಿದ ಮೇಲೂ ಒಂದು ಚಂದ್ರಂಕಿಯಷ್ಟು ಹುಳು ತಟ್ಟೆಯಲ್ಲಿ ತಲೆ ಎತ್ತಿಕೊಂಡು ಗೂಡಿಗೆ ಜಾಗ ಹುಡುಕುತ್ತಿದ್ದವು. ಸಂಜೆಯೊಳಗೆ ಜಾಗ ಸಿಗದಿದ್ದರೆ ನೂಲು ಅಲ್ಲಲ್ಲೇ ಉಗುಳಿ ಹಾಳು.

ಅಕ್ಕ ತಲೆಯೆತ್ತಿ ಹಡಗಿನ ಕಡೆ ಒಂದು ಸಲ ನೋಡಿದಳು. ಭಾವನೂ ನೋಡಿದರು. ಬಣ್ಣದ ಡಬ್ಬಿ ಬಾಗಿಲಾಚೆ ಜಗಲಿಯ ಮೇಲಿತ್ತು.

"ಒಂದು ತಿಂಗಳು ಸೊಪ್ಪು ಹಾಕಿದ್ದೀಯ," ಎಂದರು ಭಾವ ಅಕ್ಕನಿಗೆ. ಆಮೇಲೆ ನನಗೆ, "ಆ ಕಡೆ ಹಗ್ಗ ಬಿಚ್ಚಯ್ಯ, ಇಳಿಸಣ."

ಬಿಳಿ ಗೆರೆಯಿದ್ದ ರಟ್ಟನ್ನು ಅವರೇ ಕಿತ್ತರು. ಅಡಿಯಲ್ಲಿ ಮೇದಾರ ಹೆಣೆದಿದ್ದ ಚಂದ್ರಂಕಿ ಹಾಗೇ ಇತ್ತು. ಅಕ್ಕ ಹುಳುಗಳನ್ನು ಅದರ ಮೇಲೆ ಹರಡಿದಳು. ಮೂರನೇ ಬೆಳಿಗ್ಗೆ ಹೊತ್ತಿಗೆ ಹನ್ನೆರಡು ಅಡಿ ಉದ್ದಕ್ಕೂ ಗೂಡು. ಬಿಡಿಸಲು ಇನ್ನೂ ಎರಡು ಮೂರು ದಿನ ಕಾಯಬೇಕಿತ್ತು, ಪ್ರದರ್ಶನ ಮರುದಿನ.

"ಈ ಸಲ ಹೋಗೋದು ಬೇಡ ಬಿಡು," ಎಂದರು ಭಾವ.

"ಯಾಕೆ ಬೇಡ? ಹಿಂಗೇ ತಗೊಂಡ್ಹೋಗಣ. ಅಲುಗಾಡಿದ್ರೆ ಒಳಗಿನ ಹುಳ ಸತ್ತು ಗೂಡು ಕರೆ ಆಗ್ತವೆ. ನಾನೂ ಬರ್ತೀನಿ, ಹಿಡ್ಕೊಂಡು ಕೂತ್ಕೋತೀನಿ." ಚಪ್ಪರದ ಗೂಡು ನೋಡಿಕೊಳ್ಳಲು ಅವಳು ಪಕ್ಕದ ಮನೆಯವರಿಗೆ ಆಗಲೇ ಹೇಳಿಯಾಗಿತ್ತು.

ಪುಟ್ಟ ರೈಲಿನ ಸಾಮಾನು ಡಬ್ಬಿಯಲ್ಲಿ ಹಡಗು ಮೂರು ತುಂಡಾಗಿ ಕೂತಿತು. ನಡುವಿನ ತುಂಡಿನ ಮೇಲೆ ಕೈಯಿಟ್ಟು ಅಕ್ಕ ಕೂತಳು. ಅಲುಗಾಟ ಹೆಚ್ಚೇ ಎಂದು ಅವಳು ಗಾರ್ಡನ್ನು ಕೇಳಿದಳು. "ನಮ್ಮ ರೈಲಿನಲ್ಲಾ ತಾಯಿ? ಯೋಚ್ನೆ ಬಿಡಿ, ಇದು ನಡೆಯೋ ನಡಿಗೇಗೆ ಹುಳಕ್ಕೆ ಎಚ್ಚರಾನೂ ಆಗಲ್ಲ," ಎಂದ ಅವನು.

ಪ್ರದರ್ಶನದಲ್ಲಿ ಹಡಗು ಜೋಡಿಸಿ, ತಪ್ಪು ಮಗ್ಗುಲನ್ನು ಗೋಡೆಗೆ ಮಾಡಿ ಇಟ್ಟೆವು. ಬಣ್ಣವಿಲ್ಲದ ಹಡಗಿನ ಮೈಮೇಲೆ ಸುದ್ದಿಯ ಸಾಲುಗಳು ಓದಲು ಬರುತ್ತಿದ್ದವು. ಹಿಂದಿನ ವರ್ಷ ಬೂಟು ಒದ್ದೆ ಮಾಡಿಕೊಂಡ ಅಧಿಕಾರಿಯೇ ಆ ಸಲವೂ ಬಂದರು. ಭಾವನ ಗುರುತು ಸಿಕ್ಕಿ ಎರಡು ಹೆಜ್ಜೆ ದೂರದಲ್ಲೇ ನಿಂತರು.

"ಇದರಲ್ಲಿ ನೀರು ಇದೆಯೇನ್ರೀ ಮೇಷ್ಟ್ರೇ?"

"ಇಲ್ಲ ಸಾರ್."

ಅವರು ಹತ್ತಿರ ಬಂದರು. ಗೂಡುಗಳನ್ನು ನೋಡಿ, "ಇವರೆಲ್ಲ ನಾವಿಕರೋ?" ಎಂದರು.

ಭಾವ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಅಕ್ಕ ಹೇಳಿದಳು: "ಅಲ್ಲ ಸ್ವಾಮಿ, ವಿಮಾನ. ಇನ್ನೂ ರೆಕ್ಕೆ ಬಂದಿಲ್ಲ."

ಅಧಿಕಾರಿ ನಕ್ಕರು. ಸುತ್ತ ಇದ್ದವರೂ ನಕ್ಕರು, ಆದರೆ ಹಿಂದಿನ ವರ್ಷದ ನಗೆಯಲ್ಲ. ಮಾತು ಮೈದಾನವೆಲ್ಲ ಹಬ್ಬಿ, ರೆಕ್ಕೆ ಬರದ ವಿಮಾನ ನೋಡಲು ಜನ ಸಾಲು ನಿಂತರು. ಮೊದಲ ಬಹುಮಾನ ಗೌರಿಬಿದನೂರಿನ ಶಾಲೆಯೊಂದರ ಗಾಳಿಯಂತ್ರಕ್ಕೆ ಹೋಯಿತು. ಅದು ನಿಜವಾಗಿ ತಿರುಗುತ್ತಿತ್ತು, ತೀರ್ಪು ನ್ಯಾಯವಾಗಿತ್ತು ಎಂದು ನಾನು ಪತ್ರಿಕೆಗೆ ಬರೆದೆ. ಹಡಗಿನ ಬಗ್ಗೆ ಬರೆದ ನಾಲ್ಕು ಸಾಲು ಅಚ್ಚಾಗಲಿಲ್ಲ. ಕೊನೆಯ ದಿನ ಮಧ್ಯಾಹ್ನ ಅಕ್ಕ ಅಲ್ಲೇ ಕೂತು ಗೂಡು ಬಿಡಿಸಿದಳು. ಕರೆಯಾದವು ಒಂದು ಹಿಡಿಯೂ ಇರಲಿಲ್ಲ.

ವಾಪಸು ಬರುವಾಗ ಶಿಡ್ಲಘಟ್ಟದ ಸ್ಟೇಷನ್ನಿನಲ್ಲಿ ಒಬ್ಬ ಪೋರ್ಟರು, "ಹಡಗಿನ ಮೇಷ್ಟ್ರು ಬಂದ್ರು, ದಾರಿ ಬಿಡ್ರಪ್ಪ," ಎಂದ. ಭಾವ ಕೇಳಿಸದವರಂತೆ ಹಗ್ಗ ಬಿಗಿಮಾಡುತ್ತಿದ್ದರು. ಮನೆಯ ಬೀದಿಗೆ ತಿರುಗಿದ ಮೇಲೆ ಅಕ್ಕನಿಗೆ ಮೆಲ್ಲಗೆ ಹೇಳಿದರು:

"ನೋಡಿದ್ಯಾ, ಈ ಸಲ ಸೋರಲಿಲ್ಲ."

"ನೀರು ಹಾಕಿದ್ರಲ್ವಾ ಸೋರೋಕೆ," ಎಂದಳು ಅಕ್ಕ, ಗೂಡಿನ ಗಂಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸುತ್ತ. "ಮುಂದಿನ ಬೆಳೆಗೂ ಹಡಗನ್ನ ಹಂಗೇ ಇಟ್ಟಿರಿ. ರಟ್ಟು ಹೊದಿಸಬೇಡಿ."