ಹಲಗೆಯ ಮೇಲೆ ಮುನಿಯಮ್ಮ

ಗೆಳೆಯರೇ, ಇವತ್ತು ಬೆಳಿಗ್ಗೆ ಮೊಮ್ಮಗಳು ಇಂಗ್ಲಿಷ್ ಪುಸ್ತಕ ಹಿಡಿದು ಬಂದಳು. "ಅಜ್ಜಿ, ಟೀಸ್, ಮಾಕ್, ಜಿಯರ್ ಎಲ್ಲಾ ಒಂದೇ ಅಲ್ವಾ?"

"ಒಂದೇ ಹೆಂಗಮ್ಮ ಆಗುತ್ತೆ? ಟೀಸ್ ಅಂದ್ರೆ ಕೀಟಲೆ. ಮಾಕ್ ಅಂದ್ರೆ ಅಣಕಿಸೋದು. ಜಿಯರ್ ಅಂದ್ರೆ ಗುಂಪು ಕಟ್ಕೊಂಡು ಗೇಲಿ ಮಾಡೋದು."

"ಇಷ್ಟೆಲ್ಲಾ ನಿಂಗೆ ಹೆಂಗಜ್ಜಿ ಗೊತ್ತು?"

ಹೇಳಿದೆ. ಅರವತ್ತರ ದಶಕದ ಶಿಡ್ಲಘಟ್ಟದ ಶಾಲೆ ಕಣ್ಣಮುಂದೆ ತೇಲಿ ಬಂತು. ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ, ಅದೇ ಲಂಗದಲ್ಲಿ ಶಾಲೆಗೆ ಓಡುತ್ತಿದ್ದೆ. ನನ್ನ ಮೈಯ ಹುಳುವಿನ ವಾಸನೆಗೆ ಎಲ್ಲರೂ ಮೂಗು ಮುಚ್ಚಿ ನಗುತ್ತಿದ್ದರು. ಇಂಗ್ಲಿಷ್ ಮೇಷ್ಟ್ರಿಗೆ ಉದಾಹರಣೆ ಬೇಕಿತ್ತು, ನಾನು ಸಿಕ್ಕಿದೆ. "ದೇ ಟೀಸ್ ಮುನಿಯಮ್ಮ. ದೇ ಮಾಕ್ ಮುನಿಯಮ್ಮ. ದೇ ಜಿಯರ್ ಅಟ್ ಮುನಿಯಮ್ಮ," ಎಂದು ಓದುತ್ತಾ ಹಲಗೆಯ ತುಂಬ ಬರೆದರು. ತರಗತಿ ಹೋ ಎಂದಿತು.

ಆ ಗದ್ದಲ ನನಗೆ ಎಲ್ಲೋ ದೂರದಲ್ಲಿ ಕೇಳಿಸಿತು, ಹುಳುಗಳು ಸೊಪ್ಪು ಮೇಯುವ ಸರಸರ ಸದ್ದಿನ ಹಾಗೆ. ನನ್ನ ಹೆಸರನ್ನು ಇಂಗ್ಲಿಷಿನಲ್ಲಿ ನೋಡಿದ್ದು ಅದೇ ಮೊದಲು. ಕಿಟಕಿಯ ಬಿಸಿಲು ಬಿದ್ದು ಸೀಮೆಸುಣ್ಣದ ದುಂಡು ಅಕ್ಷರಗಳು ಹೊಳೆಯುತ್ತಿದ್ದವು. ಬೆರಳಿನಿಂದ ಲಂಗದ ಮೇಲೆ ಅದನ್ನೇ ತಿದ್ದುತ್ತಾ ಕುಳಿತೆ. ಇಂದಿಗೂ ನನ್ನ ಸಹಿ ಅದೇ.

ಮೊಮ್ಮಗಳ ಮುಖ ಬಾಡಿತ್ತು. "ನಿಂಗೆ ಅಳು ಬರ್ಲಿಲ್ವಾ ಅಜ್ಜಿ?"

"ಬಂತು ಕಣೇ. ಮೇಷ್ಟ್ರು ಹಲಗೆ ಒರೆಸಿದಾಗ."

ತಮ್ಮ ಗೇಲಿಗೇ ಅತ್ತಳೆಂದುಕೊಂಡು ಅಂದು ಇಡೀ ತರಗತಿ ಖುಷಿಪಟ್ಟಿತು, ಪಾಪ!