ಕೆಂಪು ಗಂಟಿನೊಳಗಿನ ಮುತ್ತಾತ

ಒಟ್ಟು ಖರ್ಚು ಒಂದು ರೇಷ್ಮೆ ಸೀರೆ. ಗಿಣಿಹಸಿರು, ದೊಡ್ಡ ಜರಿ ಅಂಚು. ‘ಒಂದೇ ದರ’ ಎಂದು ಬೋರ್ಡು ಹಾಕಿಕೊಂಡಿದ್ದ ಅಂಗಡಿಯಲ್ಲೂ ನಾನು ಮಾತಾಡಿ ಮಾತಾಡಿ ಫಾಲ್ಸು, ಕುಚ್ಚು ಎರಡನ್ನೂ ಪುಕ್ಕಟೆ ಹಾಕಿಸಿಕೊಂಡು ಬಂದೆ. ಆದರೆ ಆ ಸೀರೆಯನ್ನು ನನ್ನಿಂದ ವಸೂಲು ಮಾಡಿದ ಸೋದರತ್ತೆಯ ಮುಂದೆ ಮಾತ್ರ ನನ್ನ ಚೌಕಾಸಿ ನಡೆಯಲಿಲ್ಲ. ಹಳೇ ಸಾಮಾನು ಕೊಂಡು ಮಾರುತ್ತ ಸ್ವಂತ ಅಂಗಡಿ ಕಟ್ಟಿದವನು ನಾನು. ಸೋತು ಇಷ್ಟು ಖುಷಿಪಟ್ಟ ವ್ಯಾಪಾರ ಇನ್ನೊಂದಿಲ್ಲ.

ಸೀರೆ ಯಾಕೆಂದರೆ, ಒಂದು ಗಂಟು ಬಿಚ್ಚಲು ಅಪ್ಪಣೆ ಬೇಕಿತ್ತು.

ನಮ್ಮ ಮುತ್ತಾತ ಮಹಾರಾಜರ ಕುದುರೆ ದಂಡಿನಲ್ಲಿದ್ದ, ಮೊದಲನೇ ಮಹಾಯುದ್ಧಕ್ಕೆ ಕಡಲು ದಾಟಿ ಹೋಗಿದ್ದ ಎನ್ನುವುದು ಮನೆಯ ಮಾತು. ಅವನ ಕತ್ತಿಯೆಂದು ನಂಬಿ ಒಂದು ಕೆಂಪು ಗಂಟಿಗೆ ಪ್ರತಿ ಆಯುಧಪೂಜೆಗೂ ಅರಿಶಿನ ಕುಂಕುಮ ಹಚ್ಚುತ್ತಿದ್ದೆವು. ಬಿಚ್ಚುವಂತಿಲ್ಲ. ಮನೆಯವರು ಉಟ್ಟು ತೊಟ್ಟ ಯಾವುದಾದರೂ ಕೆಂಪು ಬಟ್ಟೆಯನ್ನು ವರ್ಷವರ್ಷವೂ ಹಳೆಯದರ ಮೇಲೇ ಸುತ್ತಬೇಕು. ಸುತ್ತಿ ಸುತ್ತಿ ಅದು ಎಷ್ಟು ಊದಿಕೊಂಡಿತ್ತೆಂದರೆ, ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಅದನ್ನು ದಿಂಬೆಂದು ತಿಳಿದು ತಲೆಗಿಟ್ಟುಕೊಂಡು ಸೊಗಸಾಗಿ ನಿದ್ದೆ ಮಾಡಿದ್ದಳು.

ಮುತ್ತಾತನ ಸೇವೆಯ ದಾಖಲೆ ಸಿಗುತ್ತದೇನೋ ಎಂದು ಕಚೇರಿಗಳಿಗೆ ಅಲೆದೆ. ಎಲ್ಲೆಡೆ ಕೇಳಿದ್ದು ಒಂದೇ: ಯಾವ ಪಡೆ, ಏನು ಕೆಲಸ, ಯಾವ ನಂಬರು? ನಮಗೆ ಗೊತ್ತಿದ್ದದ್ದು ಗಂಟು ಮಾತ್ರ. ಹಾಗಾಗಿ ಕೃಷ್ಣಮೂರ್ತಿಪುರಂನಲ್ಲಿರುವ ಅತ್ತೆಯ ಬಳಿ ಹೋದೆ. ನಮ್ಮಪ್ಪನ ಅಕ್ಕ, ಮುತ್ತಾತನನ್ನು ಕಣ್ಣಾರೆ ಕಂಡು ಇನ್ನೂ ನಮ್ಮೊಂದಿಗಿರುವ ಒಬ್ಬರೇ ಜೀವ.

ಅತ್ತೆಗೆ ಗಂಟು ಬಿಚ್ಚುವುದೆಂದರೆ ಭಯ. ಮದುವೆಯಾಗಿ ಹೋದಾಗಿನಿಂದ ಅವರ ನಾದಿನಿ ಈ ಯುದ್ಧದ ಕಥೆಯನ್ನು ಗೇಲಿ ಮಾಡುತ್ತಲೇ ಬಂದಿದ್ದರು. ಅತ್ತಿಗೆಯ ತಾತ ಯುದ್ಧ ಮಾಡಿದ್ದು ಹುಲ್ಲಿನ ಬಣವೆ ಮೇಲೆ ಕೂತು ಎಂದು ಮದುವೆ ಮನೆಗಳಲ್ಲಿ ನಗಿಸುತ್ತಿದ್ದರಂತೆ. ಒಳಗೆ ಕತ್ತಿ ಇಲ್ಲದಿದ್ದರೆ ಅತ್ತೆ ಜೀವಮಾನವಿಡೀ ಹಿಡಿದುಕೊಂಡು ಬಂದ ಮಾತು ಸುಳ್ಳಾಗುತ್ತಿತ್ತು.

ಕತ್ತಿ ಸಿಕ್ಕರೆ ಸೀರೆ ಕೊಡಿಸುತ್ತೇನೆಂದೆ.

“ಸಿಕ್ರೆ ಸಂತೋಷಕ್ಕೆ ಒಂದು ಸೀರೆ. ಸಿಗದೇ ಇದ್ರೆ ನನ್ ಮಾನ ಹೋಗುತ್ತಲ್ಲ, ಅದಕ್ಕೊಂದು ಸೀರೆ. ಎರಡೂ ಒಟ್ಟಿಗೆ ಆಗಲ್ವಲ್ಲ, ಒಂದೇ ಸಾಕು ಬುಡು,” ಎಂದರು ಅತ್ತೆ.

ನನಗೆ ಲಾಭ ತೋರಿಸುತ್ತಲೇ ನನ್ನ ಜೇಬಿಗೆ ಕೈ ಹಾಕಿದ್ದರು. ಒಪ್ಪಿದೆ.

ಹಬ್ಬದ ಹಿಂದಿನ ದಿನ ಬೋಗಾದಿಯ ನಮ್ಮ ಮನೆಯ ಹಜಾರದಲ್ಲಿ ಗಂಟು ಬಿಚ್ಚಿದೆವು. ಒಂದೊಂದು ಪದರಕ್ಕೂ ಅತ್ತೆ ಲೆಕ್ಕ ಒಪ್ಪಿಸಿದರು. ಇದು ನಮ್ಮಮ್ಮನ ಸೀಮಂತದ ರವಿಕೆ, ಇದು ನಮ್ಮಪ್ಪ ಸ್ಕೂಲಿನ ನಾಟಕದಲ್ಲಿ ರಾಜನಾಗಿ ಡೈಲಾಗು ಮರೆತ ದಿನದ ಅಂಗವಸ್ತ್ರ. ನೆಲದ ತುಂಬ ಕೆಂಪು. ನಕ್ಕು ನಕ್ಕು ನನ್ನ ಹೆಂಡತಿ ಗೋಡೆಗೆ ಒರಗಿಬಿಟ್ಟಳು. ಕೊನೆಗೆ ಉದ್ದನೆಯದೊಂದು ಖಾಕಿ ಉಣ್ಣೆ ಪಟ್ಟಿ ಬಂತು. ಅದರೊಳಗಿದ್ದದ್ದು ಕಬ್ಬಿಣದ ಅರ. ಲಾಳ ಕಟ್ಟುವಾಗ ಗೊರಸು ಉಜ್ಜುತ್ತಾರಲ್ಲ, ಅದು.

ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇಷ್ಟ್ ವರ್ಷ ಇದಕ್ಕಾ ಕಣೋ ನಾವು ಕೈ ಮುಗಿದಿದ್ದು?”

ಮೊಬೈಲಿನ ಬೆಳಕನ್ನು ಓರೆಯಾಗಿ ಹಿಡಿದಾಗ ಅರದ ಬುಡದಲ್ಲಿ ಬಾಣದ ಗುರುತು ಕಂಡಿತು. ಸರ್ಕಾರಿ ಸೊತ್ತೆಂದು ಒತ್ತುತ್ತಿದ್ದ ಆ ಗುರುತು ನನಗೆ ಹೊಸದಲ್ಲ, ಹಳೆಯ ಮಿಲಿಟರಿ ಸಾಮಾನಿನ ಮೇಲೆ ಬೇಕಾದಷ್ಟು ಸಲ ನೋಡಿದ್ದೇನೆ. ಹೇಳಿದ್ದೇ ತಡ, ಅತ್ತೆ ರಾಮಕೃಷ್ಣನಗರದ ನಾದಿನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು.

“ನಿಮ್ ಅಳಿಯ ಗುಜರಿ ವ್ಯಾಪಾರದೋನು ಅತ್ತಿಗೆ. ಅಂಥ ಕಬ್ಬಿಣ ಅವನ ಅಂಗಡೀಲೇ ಇರುತ್ತೆ. ನಿಮ್ ತಾತಾನೂ ಸಂತೇಲಿ ಕೊಂಡಿರ್ಬೋದು,” ಎಂದರು ನಾದಿನಿ.

ಗಿರಾಕಿ ತಂದು ತೋರಿಸಿದ್ದರೆ ನಾನೂ ಅದನ್ನೇ ಹೇಳಿ ಅರ್ಧ ಬೆಲೆಗೆ ಕೇಳುತ್ತಿದ್ದೆ.

ಆ ಖಾಕಿ ಪಟ್ಟಿಯನ್ನು ಬೆರಳಲ್ಲಿ ತಿಕ್ಕುತ್ತ ಕೂತಿದ್ದ ಅತ್ತೆ ಸೀರೆಯ ನಿರಿಗೆ ಸ್ವಲ್ಪ ಮೇಲೆತ್ತಿ ಅದನ್ನು ಕಾಲಿಗೆ ಸುತ್ತತೊಡಗಿದರು. ಮಂಡಿಯ ಕೆಳಗೆ ಶುರು ಮಾಡಿ ಪಾದದ ಕಡೆಗೆ, ಒಂದು ಸುತ್ತಿನ ಮೇಲೆ ಇನ್ನೊಂದು ಅರ್ಧ ಕೂರುವಂತೆ, ಬಿಗಿಯಾಗಿ. ಕೊನೆಯ ಗಂಟನ್ನು ಪಾದದ ಗಿಣ್ಣಿನ ಮೇಲೆ ಹಾಕಿದರು.

“ಎತ್ತಿಗೆ ಲಾಳ ಕಟ್ಟೋಕೆ ಹೋಗೋವಾಗ ನಮ್ ತಾತ ಹಳೇ ಪಂಚೆ ಹರಿದು ಹಿಂಗೇ ಸುತ್ಕೊಳ್ತಿದ್ರು. ಕೆಳಗಿಂದ ಸುತ್ತುದ್ರೆ ಬೈಯೋರು,” ಎಂದರು.

ನನ್ನ ಅಂಗಡಿಗೆ ಬಂದ ಹಳೆಯ ಸಿಪಾಯಿಗಳ ಫೋಟೋಗಳೆಲ್ಲ ಕಣ್ಣ ಮುಂದೆ ಬಂದವು. ಕಾಲಾಳುಗಳು ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ ಮಂಡಿಯ ಹತ್ತಿರ ಕಟ್ಟುತ್ತಿದ್ದರು. ಮೇಲಿನಿಂದ ಕೆಳಕ್ಕೆ ಸುತ್ತಿ ಪಾದದ ಹತ್ತಿರ ಕಟ್ಟುತ್ತಿದ್ದವರು ಕುದುರೆ ದಂಡಿನವರು. ಕಬ್ಬಿಣವನ್ನು ಸಂತೆಯಲ್ಲಿ ಕೊಳ್ಳಬಹುದು, ಕಾಲಿನ ಅಭ್ಯಾಸವನ್ನು ಎಲ್ಲಿ ಕೊಳ್ಳುವುದು? ಇದನ್ನೆಲ್ಲ ಫೋನಿಗೆ ಬಾಯಿಟ್ಟು ವಿವರಿಸಿದೆ. ಅತ್ತೆ ಪಟ್ಟಿ ಕಟ್ಟಿದ ಕಾಲನ್ನು ಮುಂದೆ ಚಾಚಿ ಮಹಾರಾಣಿಯಂತೆ ಕೂತರು.

“ಯುದ್ಧಕ್ಕೋದ ಕುದುರೆಗಳಿಗೆ ಲಾಳ ಕಟ್ಟಿದ್ದು ನಮ್ ತಾತ ಕಣಮ್ಮ. ಬಣವೆ ಮೇಲೆ ಕೂತೋರಲ್ಲ.”

ನಾನು ಸೀರೆ ಕೊಡಿಸುತ್ತಿರುವುದನ್ನೂ ಅದರ ಜೊತೆಗೇ ಹೇಳಿಬಿಟ್ಟರು. ನಾದಿನಿ ಬಣವೆಯ ಮಾತು ಬಿಟ್ಟು, ಸೀರೆ ಯಾವ ಬಣ್ಣದ್ದು ಎಂದು ಕೇಳಿದರು. ನಾನಿನ್ನೂ ಕೊಂಡೇ ಇರದ ಸೀರೆಗೆ ಅತ್ತೆ ಬಣ್ಣ ಹೇಳಿದರು: ಗಿಣಿಹಸಿರು.

ಕಡಲು ದಾಟಿದ್ದಕ್ಕೆ ಪುರಾವೆ ಇನ್ನೂ ಸಿಕ್ಕಿಲ್ಲ. ಆದರೆ ಈಗ ಕಚೇರಿಯಲ್ಲಿ ಸವಾರನ ದಾಖಲೆ ಕೇಳುತ್ತಿಲ್ಲ, ಲಾಳ ಕಟ್ಟುವವನ ದಾಖಲೆ ಕೇಳುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಗಂಟಿದ್ದರೆ ಕೇಳಿ. ಹಿರಿಯರನ್ನು ‘ಯುದ್ಧಕ್ಕೆ ಹೋಗಿದ್ದರಾ’ ಎಂದು ಕೇಳಬೇಡಿ, ಹೌದು ಎಂದೇ ಹೇಳುತ್ತಾರೆ. ಏನು ಕಟ್ಟಿಕೊಳ್ಳುತ್ತಿದ್ದರು, ಹೇಗೆ ಕೂರುತ್ತಿದ್ದರು, ಯಾತಕ್ಕೆ ಬೈಯುತ್ತಿದ್ದರು ಎಂದು ಕೇಳಿ. ಬಿಚ್ಚುವಾಗ ಪದರ ಪದರಕ್ಕೂ ಫೋಟೋ ತೆಗೆಯಿರಿ. ಉಣ್ಣೆಯನ್ನು ಒಗೆಯಬೇಡಿ, ಕಬ್ಬಿಣಕ್ಕೆ ಉಪ್ಪುಕಾಗದ ತಾಗಿಸಬೇಡಿ. ಯಾರಾದರೂ ನಿಮ್ಮ ಮುತ್ತಾತನ ಪದಕ ಎಂದು ಮಾರಲು ಬಂದರೆ ಕೊಳ್ಳಬೇಡಿ, ನಾನೂ ಅದೇ ಕಸುಬಿನವನಾಗಿ ಹೇಳುತ್ತಿದ್ದೇನೆ. ಮತ್ತೆ, ಸೀರೆ ಕೊಡಿಸುವ ಮಾತು ಕೊಡುವ ಮುಂಚೆ ಅಂಚು ಎಷ್ಟು ದೊಡ್ಡದು ಎಂದು ಖಚಿತ ಮಾಡಿಕೊಳ್ಳಿ.